ಒಳಂಗಿ ಇಲ್ಲದೆ ಬಂದ ಕಾರ್ಡು

ಕಂತು ಒಂಬತ್ತು

"ಮುಟ್ಟಬೇಡ ಅದನ್ನ! ಒಳಗೆ ಬೆರಳು ಗಿರಳು ಏನಾದ್ರೂ ಇದ್ರೆ?"

ಅಮ್ಮ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ನನ್ನ ಮುಂದೆ, ಗಾಜಿನ ಕೌಂಟರಿನ ಮೇಲೆ, ಅಂಗೈಯಗಲದ ಒಂದು ರಟ್ಟಿನ ಡಬ್ಬಿ. ಊಟ ಮುಗಿಸಿ ಬಂದು ಶಟರ್ ಎತ್ತಿದಾಗ ಹೊಸ್ತಿಲಲ್ಲಿ ಬಿದ್ದಿತ್ತು. ಮೇಲೆ ವಿಳಾಸವಿಲ್ಲ, ಅಂಚೆಯ ಗುರುತಿಲ್ಲ. ಆಟಗಾರರ ಚಿತ್ರದ ಕಾರ್ಡು ಮಾರುವ ನಮ್ಮದೇ ಅಂಗಡಿಯ ಮುದ್ರೆ ಮಾತ್ರ ಇತ್ತು.

"ಬೆರಳು ಹಿಡಿಸೋ ಡಬ್ಬಿ ಅಲ್ಲ ಕಣಮ್ಮ ಇದು. ಒಂದು ಕಾರ್ಡು ಹಿಡಿಸಿದ್ರೆ ಹೆಚ್ಚು."

ಹೇಳಿದ್ದು ಅವಳಿಗೆ ಧೈರ್ಯ ಬರಲಿ ಅಂತ. ಡಬ್ಬಿಯನ್ನು ನಾನೂ ಇನ್ನೂ ಬಿಚ್ಚಿರಲಿಲ್ಲ.

ನಮ್ಮಲ್ಲಿದ್ದ ಅತಿ ಅಪರೂಪದ ಕಾರ್ಡು ಹಿಡಿದುಕೊಂಡು, ಗಿರಾಕಿಗೆ ತೋರಿಸಿ ಬರುತ್ತೇನೆಂದು ಹೊರಟ ಅಣ್ಣ ಕಾಣೆಯಾಗಿ ಅಂದಿಗೆ ಮೂರು ದಿನ.

ಟೇಪಿನ ತುದಿ ಹಿಡಿದು ಎಳೆದೆ. ಸಲೀಸಾಗಿ ಬಂತು. ಟೇಪಿನ ತುದಿಯನ್ನು ಒಂದಿಷ್ಟು ಒಳಕ್ಕೆ ಮಡಚಿ ಅಂಟಿಸುವುದು ಅಣ್ಣನ ಕೆಲಸ. ಬಿಚ್ಚುವವರು ಬ್ಲೇಡು ಹಾಕಬಾರದು, ಬ್ಲೇಡು ಹಾಕಿದರೆ ಕಾರ್ಡಿಗೆ ಗೀರು ಬೀಳುತ್ತದೆ ಎಂದು ಸಾವಿರ ಸಲ ಹೇಳಿಕೊಟ್ಟಿದ್ದ.

"ಅಮ್ಮ, ಇದು ಅಣ್ಣನೇ ಕಟ್ಟಿದ್ದು."

"ನಿಜವಾ? ಬದುಕಿದಾನಾ?"

ಮುಚ್ಚಳ ತೆರೆದೆ. ಒಳಗೆ ಎರಡು ರಟ್ಟಿನ ತುಂಡು, ಅವುಗಳ ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಅವನು.

ಹಾರುವ ಗೋಲ್‌ಕೀಪರ್.

ಅರವತ್ತು ವರ್ಷದ ಹಿಂದೆ ಬಬಲ್‌ಗಮ್ಮಿನ ಪೊಟ್ಟಣದ ಜೊತೆ ಬರುತ್ತಿದ್ದ ಫುಟ್‌ಬಾಲ್ ಆಟಗಾರರ ಕಾರ್ಡು. ಹಸಿರು ಜೆರ್ಸಿ ತೊಟ್ಟು, ನೆಲಕ್ಕೆ ಅಡ್ಡಡ್ಡವಾಗಿ ಗಾಳಿಯಲ್ಲಿ ಮಲಗಿ, ಚೆಂಡಿನ ಕಡೆ ಕೈ ಚಾಚಿದವನು. ಅವನ ಹೆಸರು ತಪ್ಪಾಗಿ ಅಚ್ಚಾಗಿತ್ತೆಂದು ಕಂಪನಿಯವರು ಅರ್ಧಕ್ಕೇ ನಿಲ್ಲಿಸಿಬಿಟ್ಟರಂತೆ. ಈಗ ಲೋಕದಲ್ಲಿ ಉಳಿದಿರುವುದು ನಾಲ್ಕೇ. ಒಂದು ನಮ್ಮಲ್ಲಿತ್ತು. ಹಳೇ ಪುಸ್ತಕದ ಮೂಟೆಯಲ್ಲಿ ಅದು ಸಿಕ್ಕ ದಿನ ಅಣ್ಣ ಅಂಗಡಿಯೊಳಗೇ ಡೈವ್ ಹೊಡೆದು ಮೊಣಕೈ ತರಚಿಕೊಂಡಿದ್ದ.

ಅದೇ ಕಾರ್ಡು ಈಗ ಬರಿಮೈಯಲ್ಲಿ ಬಂದಿತ್ತು.

ನಾವು ಯಾವ ಕಾರ್ಡನ್ನೂ ಸೀದಾ ಗಟ್ಟಿ ಪೆಟ್ಟಿಗೆಗೆ ಇಳಿಸುವುದಿಲ್ಲ. ಮೊದಲು ತೆಳ್ಳನೆಯ ಮೆತ್ತನೆ ಕವರ್, ಆಮೇಲೆ ಪೆಟ್ಟಿಗೆ. ಇಲ್ಲದಿದ್ದರೆ ಗಟ್ಟಿ ಪ್ಲಾಸ್ಟಿಕ್ಕಿಗೆ ಉಜ್ಜಿ ಮೂಲೆ ಸವೆಯುತ್ತದೆ. ಆ ಕವರಿಗೆ "ಒಳಂಗಿ" ಎಂದು ಹೆಸರಿಟ್ಟವಳು ಅಮ್ಮ. "ಯಾರೋ ಆಟಗಾರನ ಚಿತ್ರಕ್ಕೆ ಒಳಂಗಿ, ಮೇಲಂಗಿ ಎಲ್ಲ ತೊಡಿಸ್ತೀರ, ನಿಮ್ಮ ಅಂಗಿಗೆ ಒಂದು ಗುಂಡಿ ಹಾಕ್ಕೊಳಕ್ಕೆ ಪುರುಸೊತ್ತಿಲ್ಲ" ಎಂದು ಬೈಯುತ್ತ ಇಟ್ಟ ಹೆಸರು. ಅಂಗಡಿಯಲ್ಲಿ ಅದೇ ನಿಂತುಬಿಟ್ಟಿತು.

"ಒಳಂಗಿ ಇಲ್ಲ ಅಮ್ಮ."

"ಏನಂದೆ? ಅವನು ಸ್ನಾನಕ್ಕೂ ಒಳಂಗಿ ಹಾಕ್ಕೊಂಡೇ ಹೋಗೋನು, ಇನ್ನು ಕಾರ್ಡಿಗೆ..." ಎಂದವಳು ಅರ್ಧಕ್ಕೇ ನಿಲ್ಲಿಸಿ ಸೆರಗು ಬಾಯಿಗೆ ಒತ್ತಿಕೊಂಡಳು.

ಡಬ್ಬಿಯ ತಳದಲ್ಲಿ ಒಂದು ಚೀಟಿ ಇತ್ತು. ಪ್ರಿಂಟರಿನಲ್ಲಿ ತೆಗೆದದ್ದು.

'ನಾಲ್ಕು ಗಂಟೆಯ ಲೈವ್‌ನಲ್ಲಿ ಇದನ್ನು ತೋರಿಸು. ಅಸಲಿ ಎನ್ನು. ಹಳೆಯ ಮನೆಯೊಂದರಲ್ಲಿ ಇಂಥವೇ ಆರು ಸಿಕ್ಕಿವೆ ಎನ್ನು. ಹೇಳಿದರೆ ಅಣ್ಣ ರಾತ್ರಿ ಮನೆಗೆ ಬರುತ್ತಾನೆ. ಪೊಲೀಸರು ಬಂದರೆ ಅಣ್ಣ ಬರುವುದಿಲ್ಲ.'

ಗೋಡೆ ಗಡಿಯಾರ ನೋಡಿದೆ. ಎರಡೂವರೆ.

ಆರು ಗೋಲ್‌ಕೀಪರ್? ನಾಲ್ಕೇ ಇರುವ ಲೋಕದಲ್ಲಿ?

ಡ್ರಾಯರಿನಿಂದ ನೇರಳೆ ಬೆಳಕಿನ ಟಾರ್ಚು ತೆಗೆದು, ಕೌಂಟರಿನ ಕೆಳಗೆ ಕತ್ತಲಲ್ಲಿ ಕೂತು ಕಾರ್ಡಿನ ಮೇಲೆ ಬೆಳಕು ಬಿಟ್ಟೆ. ಆ ಕಾಲದ ಕಾಗದ ಈ ಬೆಳಕಿಗೆ ಮಂಕಾಗಿ, ಹಳೇ ಗೋಣಿಯ ಹಾಗೆ ಕಾಣಬೇಕು. ಈಗಿನ ಕಾಗದಕ್ಕೆ ಬಿಳುಪಿನ ಪುಡಿ ಬೆರೆಸುತ್ತಾರೆ, ಅದಕ್ಕೇ ಹೊಳೆಯುತ್ತದೆ.

ಗೋಲ್‌ಕೀಪರ್ ನೀಲಿಯಾಗಿ ಹೊಳೆದ. ಆಗ ತಾನೇ ಒಗೆದು ಹರವಿದ ಬಿಳಿ ಪಂಚೆಯ ಹಾಗೆ.

ನಕಲಿ!

"ಪೊಲೀಸ್ ಬೇಡ್ವೇ ಬೇಡ" ಅಂದಳು ಚೀಟಿ ಓದಿ ಮುಗಿಸಿದ ಅಮ್ಮ. "ಹೇಳು ಅಂದಿದ್ದನ್ನ ಹೇಳಿಬಿಡು. ಒಂದು ಸುಳ್ಳು ತಾನೆ? ನನ್ನ ಮಗ ಬರಲಿ ಮೊದಲು."

"ಒಂದು ಸುಳ್ಳು ಅಲ್ಲಮ್ಮ. ಆರು ನೂರು ಜನ ನೋಡ್ತಾರೆ."

"ನೋಡ್ಲಿ! ಅವರೇನು ನಿನ್ನ ಒಡಹುಟ್ಟಿದವರಾ?"

ಈ ಅಂಗಡಿ ಶುರುವಾದದ್ದು ಅಣ್ಣನ ಮಂಚದ ಕೆಳಗಿನ ಒಂದು ಶೂ ಡಬ್ಬಿಯಿಂದ. ಶಾಲೆಯ ಮೆಟ್ಟಿಲ ಮೇಲೆ ಎರಡು ಕೊಟ್ಟು ಒಂದು ತಗೊಳ್ಳುವ ವ್ಯಾಪಾರ. ಆಮೇಲೆ ಎಂಟಡಿ ಅಂಗಡಿ, ಆಮೇಲೆ ವಾರಕ್ಕೊಂದು ಲೈವ್, ಮೊಬೈಲಿನಲ್ಲಿ ಎಲ್ಲರ ಕಣ್ಣೆದುರೇ ಕಾರ್ಡಿನ ಪ್ಯಾಕು ಒಡೆದು ತೋರಿಸುವುದು. ಒಮ್ಮೆ ನಾವು ಕೊಂಡ ಒಂದು ಪೆಟ್ಟಿಗೆ, ಒಳಗಿನ ಕಾರ್ಡು ಕಾಣದಂತೆ ಮುಚ್ಚಿದ ಪ್ಯಾಕುಗಳನ್ನು ಯಾರೋ ಮೊದಲೇ ತೂಗಿ, ಹೊಳೆಯುವ ಕಾರ್ಡಿರುವ ಭಾರದ ಪ್ಯಾಕುಗಳನ್ನೆಲ್ಲ ಆರಿಸಿಕೊಂಡು ಬರೀ ಹಗುರದ್ದನ್ನು ಬಿಟ್ಟಿದ್ದರು. ನಮಗೆ ತಿಳಿಯುವಷ್ಟರಲ್ಲಿ ನಲವತ್ತಮೂರು ಪ್ಯಾಕು ಮಾರಾಟವಾಗಿತ್ತು. ಅಣ್ಣ ನಲವತ್ತಮೂರು ಜನಕ್ಕೂ ಫೋನ್ ಮಾಡಿ ವಾಪಸ್ ತರಿಸಿಕೊಂಡ. ಅಂದಿನಿಂದ ಯಾವುದೇ ಕಾರ್ಡಿನ ಬಗ್ಗೆ ಜಗಳವಾದರೆ ಜನ ಕೇಳುವುದು, "ಅಣ್ಣ ತಂಗಿ ಏನಂದ್ರು?"

ಆ ಬಾಯಲ್ಲಿ ಇವತ್ತು ಸುಳ್ಳು ಬರಬೇಕಿತ್ತು. ಬರದಿದ್ದರೆ ಅಣ್ಣ ಬರುವುದಿಲ್ಲ.

ಅಮ್ಮನನ್ನು ಪಕ್ಕದ ಟೈಲರ್ ಅಂಗಡಿಯಲ್ಲಿ ಕೂರಿಸಿದೆ. ಕಾರ್ಡು, ರಟ್ಟು, ಟೇಪು ಎಲ್ಲವನ್ನೂ ಹೇಗಿತ್ತೋ ಹಾಗೇ ಮತ್ತೆ ಕಟ್ಟಿದೆ. ಬಂದದ್ದನ್ನು ಬಂದ ಹಾಗೇ ತೋರಿಸಬೇಕು, ಇದೂ ಅಣ್ಣನ ಪಾಠವೇ. ಚೀಟಿಯನ್ನು ಮಾತ್ರ ಜೇಬಿಗೆ ಹಾಕಿಕೊಂಡೆ. ಭೂತಗನ್ನಡಿ ಮಾವನಿಗೆ ಫೋನ್ ಮಾಡಿದೆ.

"ಮಾವ, ಒಂದು ಡಬ್ಬಿ ಬಂದಿದೆ. ನೀವು ನೋಡ್ಬೇಕು. ಈಗ್ಲೇ."

"ಬಾ ಪುಟ್ಟಿ" ಎಂದರು. ಯಾರು ಕಳಿಸಿದ್ದು, ಏನಿದೆ ಎಂದು ಕೇಳಲಿಲ್ಲ. ನನ್ನ ಗಾಬರಿಯಲ್ಲಿ ನಾನೂ ಅದನ್ನು ಗಮನಿಸಲಿಲ್ಲ.

ಮಾವ ಎಂದರೆ ರಕ್ತಸಂಬಂಧದ ಮಾವನಲ್ಲ, ಅಪ್ಪನ ಗೆಳೆಯ. ಒಂದು ಕಾಲಕ್ಕೆ ದೊಡ್ಡ ಪ್ರೆಸ್ಸು ನಡೆಸುತ್ತಿದ್ದರು. ಅದು ಮುಚ್ಚಿದ ಮೇಲೆ ಮಹಡಿಯ ಕೋಣೆಯಲ್ಲಿ ಕೂತು ಕಾರ್ಡು ಪರೀಕ್ಷೆ ಮಾಡುತ್ತಾರೆ. ಅಂಚು ಕತ್ತರಿಸಿ ಹೊಸದರ ಹಾಗೆ ಮಾಡಿದ್ದಾರಾ, ಬಣ್ಣ ಹಚ್ಚಿದ್ದಾರಾ, ಎಲ್ಲವೂ ಅವರ ಕಣ್ಣಿಗೆ ಬೀಳುತ್ತದೆ. ನಮ್ಮ ಗೋಲ್‌ಕೀಪರನ್ನು ಅಸಲಿ ಎಂದು ಬರೆದುಕೊಟ್ಟವರೂ ಅವರೇ.

ಬೀದಿಯಲ್ಲಿ ಜನ, ಬಸ್ಸು, ಸ್ಕೂಟರು, ಎಲ್ಲ ಎಂದಿನಂತೆ. ನನಗೆ ಮಾತ್ರ ಪ್ರತಿಯೊಬ್ಬರೂ ನನ್ನ ಚೀಲವನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು. ಎರಡು ಸಲ ರಸ್ತೆ ದಾಟಿ ಈ ಬದಿಗೆ ಬಂದೆ, ಎರಡು ಸಲ ವಾಪಸ್ ದಾಟಿದೆ. ಒಬ್ಬ ಮುದುಕ ನಕ್ಕ. "ಕೋಳಿನೂ ಇಷ್ಟು ಸಲ ದಾಟಲ್ಲಮ್ಮ" ಅಂದ. ನಗಲಾಗಲಿಲ್ಲ.

ಪ್ರೆಸ್ಸಿನ ಕೆಳಗಿನ ಬಾಗಿಲಿಗೆ ಎಂದಿನ ತುಕ್ಕು ಬೀಗ. ಪಕ್ಕದ ಮೆಟ್ಟಿಲು ಹತ್ತುವಾಗ ಮೂಗಿಗೆ ಏನೋ ಬಡಿಯಿತು.

ಹಸಿ ಶಾಯಿಯ ವಾಸನೆ.

ಆರು ವರ್ಷದಿಂದ ಮುಚ್ಚಿರುವ ಪ್ರೆಸ್ಸಿನಲ್ಲಿ.

ಕಾಲು ಅಲ್ಲೇ ನಿಂತಿತು. ವಾಪಸ್ ಹೋಗೋಣವೇ ಎಂದುಕೊಳ್ಳುವಷ್ಟರಲ್ಲಿ ಮೇಲಿನ ಬಾಗಿಲು ತೆರೆಯಿತು. "ಯಾಕೆ ನಿಂತೆ? ಬಾ" ಎಂದರು ಮಾವ. ನಾನು ಒಳಗೆ ಹೋದ ತಕ್ಷಣ ಚಿಲಕ ಹಾಕಿದರು. ಹಗಲು ಹೊತ್ತು ಅವರು ಚಿಲಕ ಹಾಕಿದ್ದನ್ನು ನಾನು ಕಂಡಿರಲಿಲ್ಲ.

ಕೋಣೆ ಅದೇ. ಉದ್ದ ಮೇಜು, ಹಸಿರು ದೀಪ, ಕಬ್ಬಿಣದ ಸ್ಕೇಲು, ಸಣ್ಣ ಸಣ್ಣ ಡ್ರಾಯರುಗಳ ಬೀರು. ಬಂದವರು ಕೂರುವ ಕುರ್ಚಿ ಮಾತ್ರ ಜಾಗ ಬದಲಿಸಿತ್ತು. ಯಾವಾಗಲೂ ಕಿಟಕಿಯ ಬಳಿ ಇರುತ್ತಿದ್ದದ್ದು ಇಂದು ಒಳಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತ್ತು. ಕೂತೆ.

"ಅಮ್ಮ ಹೇಗಿದಾರೆ?"

"ಹೇಗಿರ್ತಾರೆ ಮಾವ?"

"ಹ್ಞೂಂ." ಮೇಜಿನ ಮೇಲಿನ ಡಬ್ಬಿಯನ್ನು ನೋಡಿದರು. ಮುಟ್ಟಲಿಲ್ಲ. ಎರಡು ಕೈಗೂ ಬಿಳಿ ಹತ್ತಿಯ ಗ್ಲೌಸು ಹಾಕಿಕೊಂಡರು. ಆಮೇಲೆ ಎಡಗಡೆಯ ಡ್ರಾಯರು ಎಳೆದು, ಹೊಸ ಒಳಂಗಿಯೊಂದನ್ನು ತೆಗೆದು, ಬಾಯಿ ಅಗಲಿಸಿ, ಸಿದ್ಧವಾಗಿ ಪಕ್ಕದಲ್ಲಿಟ್ಟರು.

ನಾನು ಆ ಒಳಂಗಿಯನ್ನೇ ನೋಡುತ್ತಿದ್ದೆ.

ಡಬ್ಬಿ ಇನ್ನೂ ತೆರೆದಿಲ್ಲ. ಅದರ ಮೇಲೆ ನಮ್ಮ ಅಂಗಡಿಯ ಮುದ್ರೆ ಇದೆ. ನಮ್ಮ ಅಂಗಡಿಯಿಂದ ಕಾರ್ಡೊಂದು ಬರಿಮೈಯಲ್ಲಿ ಬರುತ್ತದೆಂದು ಈ ಕಸುಬಿನವರು ಕನಸಲ್ಲೂ ಎಣಿಸುವುದಿಲ್ಲ. ನಮ್ಮಿಂದ ಬಂದ ಕಾರ್ಡಿಗೆ ಗ್ಲೌಸೂ ಬೇಡ, ಒಳಂಗಿಯೂ ಬೇಡ. ತೊಡಿಸಿಯೇ ಕಳಿಸಿರುತ್ತೇವಲ್ಲ!

ಡಬ್ಬಿಯ ಮೇಲೆ ಕೈಯಿಟ್ಟೆ.

"ಮಾವ" ಎಂದೆ. "ಯಾಕೆ ತೆಗೆದ್ರಿ ಅದನ್ನ?"

"ಯಾವುದನ್ನ?"

"ಒಳಂಗಿನ."

ಮಾವ ತಮ್ಮ ಕೈಯನ್ನೇ ನೋಡಿಕೊಂಡರು, ಅದು ಬೇರೆ ಯಾರದೋ ಎಂಬಂತೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ಇವರು ಯಾರೂ ಏನೂ ಅನ್ನುವ ಮೊದಲೇ ಮುಟ್ಟಿಕೊಂಡಿದ್ದರು.

"ಕೈಗೆ ಅಭ್ಯಾಸ ಕಣಮ್ಮ..."

"ಸುಳ್ಳು. ಬರಿಮೈ ಕಾರ್ಡು ಅಂತ ನಿಮಗೆ ಗೊತ್ತಿತ್ತು. ಇದನ್ನ ಕಟ್ಟೋವಾಗ ನೀವು ನೋಡಿದೀರ. ಅಣ್ಣ ಎಲ್ಲಿ?"

"ಮೆಲ್ಲಗೆ ಮಾತಾಡು."

"ಅಣ್ಣ ಎಲ್ಲಿ ಮಾವ?"

"ಮೆಲ್ಲಗೆ ಅಂದೆ ಕಣೇ!" ಎರಡೂ ಕೈ ಜೋಡಿಸಿದರು. ಕಣ್ಣು ಒಮ್ಮೆ ನನ್ನ ಹೆಗಲಾಚೆ ಹೋಗಿ ಬಂತು. ನನಗೆ ಇನ್ನೂ ಭಯವಾದದ್ದು ಆಗಲೇ. ಅವರು ನನ್ನನ್ನು ಹೆದರಿಸುತ್ತಾರೆಂದುಕೊಂಡಿದ್ದೆ. ಆ ಮನುಷ್ಯ ನನಗಿಂತ ಹೆಚ್ಚು ಹೆದರಿದ್ದರು.

ನಾನು ಮೇಜಿನ ಮೇಲೆ ಬಾಗಿದೆ. ಅವರು ಪಿಸುಗುಟ್ಟಿದರು.

"ಬೆಳಿಗ್ಗೆವರೆಗೂ ಇಲ್ಲೇ ಇದ್ದ. ಈಗ ಕರ್ಕೊಂಡು ಹೋಗಿದಾರೆ."

"ಯಾರು?"

"ಬಿಳಿ ಶೂ."

ಬಿಳಿ ಶೂ! ಅಣ್ಣ ಕಾರ್ಡು ತೋರಿಸಲು ಹೊರಟದ್ದು ಅವನಿಗೇ. ಎಂದೂ ಒಂದು ಕೊಳೆ ಚುಕ್ಕೆಯಿಲ್ಲದ ಬಿಳಿ ಶೂ ಹಾಕಿಕೊಂಡು ಅಂಗಡಿಗೆ ಬರುತ್ತಿದ್ದ ದೊಡ್ಡ ಗಿರಾಕಿ. 'ನಿಮ್ಮಣ್ಣ ನನ್ನ ಹತ್ರ ಬರಲೇ ಇಲ್ಲ' ಎಂದು ಅಮ್ಮನ ಕೈ ಹಿಡಿದು ಕಣ್ಣೊರೆಸಿಕೊಂಡು ಹೋಗಿದ್ದ.

"ಗೋಡೆಗೆ ತೂಗುಹಾಕೋಕೆ ಒಂದು ಪ್ರತಿ ಮಾಡಿಕೊಡಿ ಅಂದ. ಮಾಡಿದೆ. ಚೆನ್ನಾಗಿ ಬಂತು. ಎಷ್ಟು ಚೆನ್ನಾಗಿ ಬಂತು ಅಂದ್ರೆ..." ಮಾವನ ದನಿಯಲ್ಲಿ ಒಂದು ಕ್ಷಣ ಹೆಮ್ಮೆ ಇಣುಕಿತು. ನನಗೆ ಅಸಹ್ಯವಾಯಿತು. "ಇನ್ನೈದು ಮಾಡು ಅಂದ. ಆಗಲೇ ಗೊತ್ತಾಗ್ಬೇಕಿತ್ತು. ಆರೂ ಒಣಗೋಕೆ ಹಾಕಿದ್ದೆ. ನಿಮ್ಮಣ್ಣ ಅವನ ಮನೆಗೆ ಹೋಗೋ ದಾರಿಯಲ್ಲಿ ನನ್ನ ನೋಡೋಕೆ ಬಂದ. ನೋಡ್ದ. ಅಷ್ಟರಲ್ಲಿ ಬಿಳಿ ಶೂ, ಅವನ ಜನ ಎಲ್ಲ ಬಂದ್ರು."

"ನೀವು ಸುಮ್ಮನಿದ್ರಾ?"

ಮಾವ ಗ್ಲೌಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಸರಿಮಾಡಿಕೊಂಡರು.

"ಅಪ್ಪ ಹೋದಾಗ ನಮ್ಮಿಬ್ಬರನ್ನೂ ಎರಡು ಕಡೆ ಕೂರಿಸಿಕೊಂಡು ನಾನಿದೀನಿ ಅಂದೋರು ನೀವೇ ತಾನೇ? ಸುಮ್ಮನಿದ್ರಾ?"

"ಸುಮ್ಮನಿದ್ದೆ" ಎಂದರು. "ಆದ್ರೆ ಬೆಳಿಗ್ಗೆ ಒಂದು ಕೆಲಸ ಮಾಡ್ದೆ. ಈ ಮೇಜಿನ ಮೇಲೇ ಅವನ ಕೈಲಿ ಡಬ್ಬಿ ಕಟ್ಟಿಸಿದ್ರು, ನೀನು ನಂಬಲಿ ಅಂತ. ಒಳಂಗಿ ಹಾಕೋವಾಗ ಅವನು ನನ್ನ ಮುಖ ನೋಡ್ದ. 'ಕವರ್ ಖಾಲಿ ಆಗಿದೆ ಅಲ್ವಾ ಮಾವ?' ಅಂದ. ಡ್ರಾಯರ್ ತುಂಬ ಇದೆ ಅಂತ ಅವನಿಗೂ ಗೊತ್ತು, ನಂಗೂ ಗೊತ್ತು. ಹೌದಪ್ಪ, ಖಾಲಿ ಅಂದೆ."

ನನ್ನ ಕಣ್ಣು ತುಂಬಿತು. ಅದು ಅಣ್ಣನ ಮಾತು. ನನಗೆ ಮಾತ್ರ ಕೇಳುವಂಥ ಮಾತು. ಇದಕ್ಕೆ ನಾನು ಒಳಂಗಿ ಹಾಕಲಿಲ್ಲ, ಇದು ಕಾರ್ಡೇ ಅಲ್ಲ, ಇದನ್ನು ಅಸಲಿ ಎನ್ನಬೇಡ.

ತನ್ನ ಜೀವ ಪಣಕ್ಕಿಟ್ಟು ಹೇಳಿದ್ದ, ಪೆದ್ದ!

"ನಾನು ಹೇಳ್ದೇ ಇದ್ರೆ ಅವನನ್ನ ಏನು ಮಾಡ್ತಾರೆ?"

"ಹೇಳಿದ್ರೆ ಬಿಡ್ತಾರೆ ಅಂತ ನಂಬಿದ್ದೀಯಾ?" ಮಾವ ತಲೆ ಎತ್ತಿದರು. "ಒಂದಕ್ಕೆ ನಿಮ್ಮ ಅಂಗಡಿ ಮಾತು ಬಿತ್ತು ಅಂದ್ರೆ ಮಿಕ್ಕ ಐದೂ ಅಸಲಿಯೇ. ಅದು ನಕಲಿ ಅಂತ ಗೊತ್ತಿರೋದು ಆಮೇಲೆ ಯಾರಿಗೆ? ನಂಗೆ, ನಿಮ್ಮಣ್ಣನಿಗೆ, ನಿಂಗೆ. ಮೂರು ಬಾಯಿ. ಮೂರು ಬಾಯಿ ಮುಚ್ಚಿಸೋದು ಬಿಳಿ ಶೂಗೆ ಕಷ್ಟಾನಾ?"

ಮೊಬೈಲು ಗುಂಯ್‌ಗುಟ್ಟಿತು. ಲೈವ್‌ಗೆ ಎಂಟು ನಿಮಿಷ.

ಮೂರು ಬಾಯಿ ಮುಚ್ಚಿಸಬಹುದು. ಆರು ನೂರು?

ಆ ಯೋಚನೆ ಬಂದದ್ದೇ ತಡ, ಎಂಟು ನಿಮಿಷ ಕಾಯುವ ಧೈರ್ಯ ನನಗಿರಲಿಲ್ಲ. ಕಾದರೆ ಹೆದರಿ ಸುಳ್ಳು ಹೇಳಿಬಿಡುತ್ತೇನೆಂದು ಗೊತ್ತಿತ್ತು. ಮೊಬೈಲನ್ನು ದೀಪಕ್ಕೆ ಒರಗಿಸಿ ಲೈವ್ ಒತ್ತಿದೆ.

"ಏನು ಮಾಡ್ತಿದೀಯ?" ಮಾವ ಕುರ್ಚಿಯಿಂದ ಅರ್ಧ ಎದ್ದರು.

"ಕೂತ್ಕೊಳಿ ಮಾವ. ಇವತ್ತಾದ್ರೂ ಕೂತ್ಕೊಂಡೇ ನಮ್ಮ ಕಡೆ ಇರಿ."

ನಮ್ಮ ಲೈವ್‌ಗಳಲ್ಲಿ ಬರೀ ಕೈಗಳು ಕಾಣುತ್ತವೆ, ಪ್ಯಾಕು ಒಡೆಯುವ ನಾಲ್ಕು ಕೈ. ಇಂದು ಮೊದಲ ಸಲ ನನ್ನ ಮುಖ ತೋರಿಸಿದೆ. ಜನ ಸೇರತೊಡಗಿದರು. ನಲವತ್ತು. ಇನ್ನೂರು. ಐದು ನೂರು. ತೆರೆಯ ಕೆಳಗೆ ಮಾತುಗಳು ಓಡತೊಡಗಿದವು. 'ಅಕ್ಕಾ ಬೇಗ ಬಂದ್ರಿ', 'ಅಣ್ಣ ಎಲ್ಲಿ', 'ಗೋಲ್‌ಕೀಪರ್ ತೋರಿಸಿ'.

"ಎಲ್ಲರಿಗೂ ನಮಸ್ಕಾರ" ಎಂದೆ. ಡಬ್ಬಿ ಬಿಚ್ಚಿ, ಪೆಟ್ಟಿಗೆಯಿಂದ ಕಾರ್ಡು ಜಾರಿಸಿ, ಬರಿ ಬೆರಳಲ್ಲೇ ಎತ್ತಿ ಹಿಡಿದೆ. 'ಅಯ್ಯೋ ಗ್ಲೌಸು', 'ಅಕ್ಕಾ ಕೈ ತೊಳೆದಿದೀರ?', 'ಎದೆ ಒಡೀತು'.

"ಇದನ್ನ ಅಸಲಿ ಅನ್ನು ಅಂತ ನಂಗೆ ಚೀಟಿ ಬಂದಿದೆ. ಅನ್ನದಿದ್ರೆ ಅಣ್ಣ ಮನೆಗೆ ಬರಲ್ಲವಂತೆ. ನಮ್ಮಣ್ಣ ಮೂರು ದಿನದಿಂದ ಇಲ್ಲ. ಅದಕ್ಕೆ ಎಲ್ಲರೂ ಸ್ವಲ್ಪ ಹತ್ತಿರ ಬಂದು ನೋಡಿ."

ಎರಡೂ ಕೈಯಲ್ಲಿ ಹಿಡಿದು ಗೋಲ್‌ಕೀಪರನ್ನು ನಡುವಿಗೇ ಹರಿದೆ.

ಪರ್‍ರ್.

ಚಿಕ್ಕ ಸದ್ದು. ಆದರೆ ಜೀವಮಾನದಲ್ಲಿ ಒಂದು ಕಾರ್ಡಿನ ಮೂಲೆ ಮಡಚದ ನನಗೆ ಯಾರದೋ ಮೂಳೆ ಮುರಿದ ಹಾಗೆ ಕೇಳಿಸಿತು. ಹರಿದ ಅಂಚನ್ನು ಮೊಬೈಲಿನ ಹತ್ತಿರ ಹಿಡಿದೆ.

"ಆ ಕಾಲದ ರಟ್ಟು ಹರಿದ್ರೆ ಒಳಗೆ ಬೂದು ಇರುತ್ತೆ, ಹಳೇ ಕಾಗದದ ತಿರುಳು. ಇದು ಹಾಲಿನ ಹಾಗೆ ಬಿಳಿ ಇದೆ. ನಕಲಿ. ಇಂಥವು ಇನ್ನೂ ಐದಿವೆ. ಅಸಲಿ ಕಾರ್ಡೂ, ನಮ್ಮಣ್ಣನೂ ಯಾರ ಹತ್ರ ಇದಾರೆ ಅಂತ ಈಗ ಹೇಳ್ತೀನಿ. ನಂಗೆ ಏನಾದ್ರೂ ಆದ್ರೆ ನೀವು ಆರು ನೂರು ಜನ ಸಾಕ್ಷಿ. ಪೊಲೀಸ್‌ಗೆ ಫೋನ್ ಮಾಡೋರು ಮಾಡಿ. ಅವನು..."

ಓಡುತ್ತಿದ್ದ ಮಾತುಗಳು ಒಂದು ಕ್ಷಣ ನಿಂತವು. ಮರುಕ್ಷಣ ತೆರೆ ತುಂಬ ಒಂದೇ ಮಾತು ಮೇಲಿಂದ ಮೇಲೆ ಏರತೊಡಗಿತು.

'ಅಕ್ಕಾ ಹಿಂದೆ!'

'ಹಿಂದೆ ನೋಡಿ'

'ಹಿಂದೆ ಯಾರೋ ಇದಾರೆ ಓಡಿ'

ಮಾವ ಎದ್ದು ನಿಂತಿದ್ದರು. ನನ್ನನ್ನು ನೋಡುತ್ತಿರಲಿಲ್ಲ. ನನ್ನ ತಲೆಯ ಮೇಲಿಂದ ಎಲ್ಲೋ ನೋಡುತ್ತಿದ್ದರು. ನನ್ನ ಕತ್ತಿನ ಹಿಂಭಾಗಕ್ಕೆ ತಣ್ಣಗೆ ಗಾಳಿ ತಾಗಿತು, ಬೆನ್ನ ಹಿಂದಿನ ಒಳಕೋಣೆಯ ಬಾಗಿಲು ತೆರೆದ ಹಾಗೆ.

ತಿರುಗಲು ಕುರ್ಚಿಯ ತೋಳು ಹಿಡಿದೆ.

ಆಗ ಆ ಗದ್ದಲದ ನಡುವೆ ಇನ್ನೊಂದು ಸಾಲು ಮೂಡಿತು. ಮೂರು ದಿನದಿಂದ ಸತ್ತಂತೆ ಬಿದ್ದಿದ್ದ ಖಾತೆಯಿಂದ, ಅಣ್ಣನ ಹೆಸರಿನ ಪಕ್ಕದಲ್ಲಿ.

'ಪುಟ್ಟಿ, ತಿರುಗಬೇಡ. ಮಾತಾಡ್ತಾನೇ ಇರು.'

ಆರು ನೂರು ಜನ ತಿರುಗು ಎನ್ನುತ್ತಿದ್ದರು. ಅಣ್ಣ ಒಬ್ಬನೇ ಬೇಡ ಎನ್ನುತ್ತಿದ್ದ.

ಅಥವಾ ಅಣ್ಣನ ಫೋನು ಹಿಡಿದಿದ್ದವನು.